ಚೀಟಿಯೊಂದು, ಸರಕೊಂದು: ಆಧಾರ ಜೀನೋಮಿನ ಅಪರಿಚಿತ ಕಡತಗಳು

1952ನೆಯ ಇಸವಿಯಲ್ಲಿ ನಮ್ಮ ಈ ಮುಂಬಯಿಯ ಡಾ. ವೈ. ಎಂ. ಭೇಂಡೆಯವರೂ ಅವರ ಸಂಗಡಿಗರೂ ಲಂಡನ್ನಿನ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅದುವರೆಗೆ ವೈದ್ಯಲೋಕವು ಕಂಡಿರದಿದ್ದ ಒಂದು ರಕ್ತವರ್ಗವು ಈ ಶಹರದ ಕೆಲವು ಜನರಲ್ಲಿ ಇರುವುದೆಂಬುದು ಆ ಲೇಖನದ ಸಾರಾಂಶ. ಇಂದು ಲೋಕವೆಲ್ಲ ಅದನ್ನು 'ಬಾಂಬೆ ರಕ್ತವರ್ಗ'ವೆಂದೇ ಕರೆಯುತ್ತಿದೆ. 1995ರಲ್ಲಿ ಶಹರದ ಇಂಗ್ಲಿಷ್ ಹೆಸರು ಬದಲಾಯಿತಾದರೂ ರಕ್ತದ ಹೆಸರು ಹಾಗೆಯೇ ಉಳಿದುಕೊಂಡಿದೆ.

ಈ ರಕ್ತದ ವಿಶೇಷವೇನೆಂದರೆ, ಸಾಮಾನ್ಯ ಪರೀಕ್ಷೆಯಲ್ಲಿ ಅದು 'ಓ' ವರ್ಗದಂತೆಯೇ ತೋರುತ್ತದೆ. 'ಎ' ವರ್ಗವನ್ನು ಹಿಡಿಯುವ ರಸಕ್ಕೂ 'ಬಿ' ವರ್ಗವನ್ನು ಹಿಡಿಯುವ ರಸಕ್ಕೂ ಅದು ಗಂಟುಗಟ್ಟುವುದಿಲ್ಲವಾದುದರಿಂದ, ಅಷ್ಟಕ್ಕೇ ನಿಲ್ಲುವ ಪರೀಕ್ಷಕನು 'ಓ' ಎಂದು ಚೀಟಿ ಬರೆದು ಅಂಟಿಸಿಬಿಡುವನು. ಆದರೆ 'ಓ' ವರ್ಗದವರ ರಕ್ತಕಣಗಳ ಮೇಲೆ ಧಾರಾಳವಾಗಿರುವ 'ಎಚ್' ಎಂಬ ಪದಾರ್ಥವು ಇವರಲ್ಲಿ ಇರುವುದಿಲ್ಲ. ಇಲ್ಲದ ಕಾರಣ ಇವರ ರಕ್ತದ್ರವವು ಆ ಪದಾರ್ಥವನ್ನು ಶತ್ರುವೆಂದು ಎಣಿಸುತ್ತದೆ. ಚೀಟಿಯನ್ನು ನಂಬಿ 'ಓ' ರಕ್ತವನ್ನು ಏರಿಸಿದರೆ ಪ್ರಾಣಕ್ಕೇ ಸಂಚಕಾರ. ಅವರದೇ ವರ್ಗದ ರಕ್ತ ಬೇಕು. ಅಂಥವರು ನಮ್ಮ ದೇಶದಲ್ಲಿ ಸುಮಾರು 10,000 ಮಂದಿಗೆ ಒಬ್ಬರೆಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ಸಂಘಸಂಸ್ಥೆಗಳ ರಕ್ತದಾನ ಶಿಬಿರಗಳಲ್ಲಿ ತೋಳು ನೀಡಿದ ವಾಚಕರಿಗೆ ಈ ಮಾತಿನ ತೂಕ ಅರ್ಥವಾಗದೆ ಇರದು.

ಈ ಹಳೆಯ ಪ್ರಸಂಗವನ್ನು ಇಂದು ಎತ್ತಿಕೊಂಡುದಕ್ಕೆ ಕಾರಣವಿದೆ. ಚೀಟಿಯ ಮೇಲೆ ಒಂದು, ಒಳಗೆ ಇನ್ನೊಂದು ಎಂಬ ಈ ತೊಡಕು ರಕ್ತದ ಚೀಲಗಳಿಗೆ ಮಾತ್ರ ಸೀಮಿತವಾದುದಲ್ಲ. ಅದೇ ರಕ್ತದೊಳಗಣ ವಂಶವಾಹಿಗಳನ್ನು ಓದುವ ಗಣಕಯಂತ್ರದ ಕೋಣೆಗಳಲ್ಲಿಯೂ ಅದು ದಿನ ಬೆಳಗಾದರೆ ಎದುರಾಗುತ್ತಿದೆ. ಆ ಕೋಣೆಗಳಲ್ಲಿ ಕುಳಿತಿರುವವರಲ್ಲಿ ಮಾಟುಂಗ, ಫೋರ್ಟ್, ಅಂಧೇರಿಗಳ ಹೋಟೆಲುಗಳಲ್ಲಿ ದುಡಿದವರ ಮಕ್ಕಳೂ, ರಾತ್ರಿ ಶಾಲೆಗಳಲ್ಲಿ ಓದಿ ಗುಮಾಸ್ತರಾದವರ ಮೊಮ್ಮಕ್ಕಳೂ ಇದ್ದಾರೆ. ನಮ್ಮ ಕಚೇರಿಗೆ ಡೊಂಬಿವಲಿಯಿಂದ ಆಗಾಗ ಬಂದುಹೋಗುವ ತರುಣನೊಬ್ಬನು ಅಂಥವರಲ್ಲಿ ಒಬ್ಬ. ಅವನ ತಂದೆ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವರು. ಮಗನು ಜೀವವಿಜ್ಞಾನದ ಎಂ.ಎಸ್ಸಿ. ತರಗತಿಯಲ್ಲಿದ್ದಾನೆ. "ಅಣ್ಣಾ, ನನಗೆ ಬೇಕಾದದ್ದು ಒಂದೇ ಫೈಲು. ಇಳಿಸಿಕೊಂಡು ನೋಡಿದರೆ ಇಪ್ಪತ್ತು ಬಂದಿವೆ. ಅರ್ಧದ್ದು ಹೆಸರೇ ತಿಳಿಯುವುದಿಲ್ಲ. ಯಂತ್ರದಲ್ಲಿ ಜಾಗವೂ ಇಲ್ಲ. ಯಾವುದನ್ನು ಅಳಿಸಲಿ?" ಎಂದು ಅವನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ನಾನು ಎಸ್.ಎಸ್.ಎಲ್.ಸಿ.ಯ ಆಚೆಗೆ ಓದಿದವನಲ್ಲ. ಆದರೆ ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ಹಲವು ವರ್ಷ ಹೋಟೆಲು ನಡೆಸಿದವನಾದುದರಿಂದ, ಉಗ್ರಾಣಕ್ಕೆ ಬಂದಿಳಿದ ಸರಕನ್ನು ಗುರುತಿಸುವುದೆಂದರೇನೆಂಬುದು ತಿಳಿಯದ ಸಂಗತಿಯಲ್ಲ. ಮಸ್ಜಿದ್ ಬಂದರಿನ ಅಂಗಡಿಯಿಂದ ಬಂದ ಚೀಲದ ಮೇಲೆ ಏನು ಬರೆದಿದ್ದರೂ, ಚೀಲಕ್ಕೆ ಬೊಗಸೆ ಹಾಕಿ ನೋಡದೆ ಯಾವ ಬಾಣಸಿಗನೂ ಅಕ್ಕಿಯನ್ನು ಎಸರಿಗೆ ಸುರಿಯುವುದಿಲ್ಲ. ತಿಳಿದವರಲ್ಲಿ ವಿಚಾರಿಸಿ, ಆ ತರುಣನ ಯಂತ್ರದಲ್ಲಿ ಕಣ್ಣಾರೆ ನೋಡಿ, ಅರ್ಥವಾದುದನ್ನು ನಮ್ಮ ಮಾತಿನಲ್ಲಿ ಇಲ್ಲಿ ನಿವೇದಿಸುತ್ತಿದ್ದೇನೆ.

ಆಧಾರ ಗ್ರಂಥವೆಂದರೇನು?

ಮನುಷ್ಯನ ದೇಹದ ಜೀವಕೋಶಗಳೊಳಗೆ ವರ್ಣತಂತುಗಳೆಂಬ ಎಳೆಗಳಿವೆ. ಅವುಗಳಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಿಂದ ಬರೆದ ಬರವಣಿಗೆ ಇದೆ. ಒಂದು ಪ್ರತಿಯ ಉದ್ದ ಸುಮಾರು 310 ಕೋಟಿ ಅಕ್ಷರಗಳು. ಯಾವುದೇ ರೋಗಿಯ ಬರವಣಿಗೆಯನ್ನು ಓದುವ ಯಂತ್ರವು ಅದನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಉಸಿರಿನಲ್ಲಿ ಓದುವುದಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯಂತ್ರಗಳು ನೂರು ನೂರೈವತ್ತು ಅಕ್ಷರಗಳ ತುಣುಕುಗಳನ್ನು ಕೋಟಿಗಟ್ಟಲೆಯಾಗಿ ಉಗುಳುತ್ತವೆ. ಹರಿದ ಪತ್ರಿಕೆಯ ಚೂರುಗಳನ್ನು ಜೋಡಿಸಬೇಕಾದರೆ ಹರಿಯದ ಪ್ರತಿಯೊಂದು ಮುಂದಿರಬೇಕಷ್ಟೆ. ಆ ಹರಿಯದ ಪ್ರತಿಯೇ ಆಧಾರ ಜೀನೋಮು.

ಇದನ್ನು ಯಾರ ದೇಹದಿಂದ ಬರೆದುಕೊಂಡರು ಎಂಬ ಪ್ರಶ್ನೆ ಸಹಜವಾದುದು. 1997ರ ಮಾರ್ಚ್ ತಿಂಗಳಲ್ಲಿ ಅಮೆರಿಕಾದ ಬಫಲೋ ನಗರದ ಪತ್ರಿಕೆಯಲ್ಲಿ ಸ್ವಯಂಸೇವಕರು ಬೇಕೆಂದು ಒಂದು ಜಾಹೀರಾತು ಬಂದಿತು. ರಕ್ತ ಕೊಡಲು ಬಂದವರಲ್ಲಿ ಅನಾಮಧೇಯನಾದ ಒಬ್ಬನೇ ಗೃಹಸ್ಥನಿಂದ ಈ ಗ್ರಂಥದ ಸುಮಾರು ನೂರಕ್ಕೆ 70 ಪಾಲು ಬಂದಿದೆ, ಉಳಿದುದು ಇತರರದು. ಅಂದರೆ ಇದು ಆದರ್ಶ ಮಾನವನ ಬರವಣಿಗೆಯಲ್ಲ, ಅಳತೆಗೋಲು ಮಾತ್ರ. ಅಳತೆಗೋಲಿಗಿಂತ ನಮ್ಮ ಅಕ್ಷರ ಭಿನ್ನವಾಗಿದ್ದ ಮಾತ್ರಕ್ಕೆ ನಮಗೆ ರೋಗವಿದೆಯೆಂದು ಅರ್ಥವಾಗದು. ಈ ಕಾರಣದಿಂದಲೇ ಖಾರ್ಘರದಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಶಾಖೆಯವರು 2016ರಲ್ಲಿ, 62 ಭಾರತೀಯ ಕ್ಯಾನ್ಸರ್ ರೋಗಿಗಳ ರೋಗವಿಲ್ಲದ ಅಂಗಾಂಶವನ್ನು ಓದಿ, ನಮ್ಮವರಲ್ಲಿ ಹುಟ್ಟಿನಿಂದಲೇ ಇರುವ 1,14,309 ವ್ಯತ್ಯಾಸಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ನಡೆದ 'ಜೀನೋಮ್ ಇಂಡಿಯಾ' ಯೋಜನೆಯು 10,000 ಭಾರತೀಯರನ್ನು ಓದಿದ್ದು, ಆ ಸಂಗ್ರಹವನ್ನು 2025ರ ಜನವರಿ 9ರಂದು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆದಿಡಲಾಯಿತು. ಇವೆಲ್ಲ ಬೆಲೆಯುಳ್ಳ ಕೆಲಸಗಳೇ. ಆದರೆ ಇಂಥ ಯಾವ ಪಟ್ಟಿಯನ್ನು ಓದಬೇಕಾದರೂ ಆಧಾರ ಗ್ರಂಥವೊಂದು ಕೈಯಲ್ಲಿರಬೇಕು. ಇದ್ದರೆ ಸಾಲದು, ಅದು ಯಾವ ಆವೃತ್ತಿಯದೆಂದು ಖಚಿತವಾಗಿ ತಿಳಿದಿರಬೇಕು.

ಆವೃತ್ತಿಗಳು ಮುಖ್ಯವಾಗಿ ಎರಡು ಬಳಕೆಯಲ್ಲಿವೆ. 2009ರ ಜಿ.ಆರ್.ಸಿ.ಎಚ್. 37 ಹಳೆಯದು, 2013ರ ಡಿಸೆಂಬರಿನಲ್ಲಿ ಬಂದ ಜಿ.ಆರ್.ಸಿ.ಎಚ್. 38 ಅದರ ನಂತರದ್ದು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದವರು ಇವನ್ನೇ ಎಚ್.ಜಿ. 19, ಎಚ್.ಜಿ. 38 ಎಂದು ಕರೆಯುತ್ತಾರೆ. ಒಂದೇ ಮನುಷ್ಯನಿಗೆ ಊರಿನಲ್ಲಿ ಒಂದು ಹೆಸರು, ಮುಂಬಯಿಯ ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವಂತೆ! ಈ ಗೊಂದಲವನ್ನು ಹೊಸಬನು ಮೊದಲ ದಿನವೇ ಬಿಡಿಸಿಕೊಳ್ಳಬೇಕು.

ಫೋಲ್ಡರಿನೊಳಗೆ

ಇನ್ನು ಆ ಇಪ್ಪತ್ತು ಕಡತಗಳ ವಿಚಾರ. ಎಲ್ಲಕ್ಕಿಂತ ದೊಡ್ಡದು ಗ್ರಂಥವೇ ಆಗಿರುತ್ತದೆ. ಅದರ ಹೆಸರಿನ ಬಾಲದಲ್ಲಿ ಎಫ್.ಎ., ಎಫ್.ಎನ್.ಎ. ಅಥವಾ ಫಾಸ್ಟಾ ಎಂದಿದ್ದು, ಅದರ ಮೇಲೆ ಜಿ.ಜೆಡ್. ಎಂದಿದ್ದರೆ ಒತ್ತಿ ಕಟ್ಟಿದ ಮೂಟೆಯೆಂದು ತಿಳಿಯತಕ್ಕದ್ದು. ಮೂಟೆಯಾಗಿ ಒಂದು ಜಿ.ಬಿ.ಯ ಆಸುಪಾಸಿನಲ್ಲಿರುವ ಈ ಕಡತವನ್ನು ಬಿಚ್ಚಿದರೆ ಮೂರು ಜಿ.ಬಿ.ಗೆ ಹಿಗ್ಗುತ್ತದೆ. ಇದನ್ನು ಪತ್ರ ಬರೆಯುವ ತಂತ್ರಾಂಶದಲ್ಲಿ ಒತ್ತಿ ತೆರೆಯಲು ಹೋದರೆ ಯಂತ್ರವು ಉಸಿರು ಕಟ್ಟಿ ನಿಂತುಬಿಡುವುದು. ಮೊದಲ ಕೆಲವು ಸಾಲುಗಳನ್ನು ಮಾತ್ರ ತೋರಿಸುವ ಆಜ್ಞೆಗಳಿವೆ. ಅವುಗಳಿಂದ ಇಣುಕಿ ನೋಡಿದರೆ ಸಾಕು.

ಇಣುಕಿದವನಿಗೆ ಮೊದಲು ಕಾಣುವುದೇನು? ಒಂದನೆಯ ವರ್ಣತಂತುವಿನ ಹೆಸರು, ಅದರ ಕೆಳಗೆ ಸಾಲು ಸಾಲಾಗಿ 'ಎನ್' ಎಂಬ ಒಂದೇ ಅಕ್ಷರ. ನಮ್ಮ ತರುಣನು ಇದನ್ನು ಕಂಡು ಕಡತವೇ ಕೆಟ್ಟಿದೆಯೆಂದು ಭಾವಿಸಿ, ಎರಡು ಸಲ ಹೊಸದಾಗಿ ಇಳಿಸಿಕೊಂಡಿದ್ದನಂತೆ. ಕೆಟ್ಟಿಲ್ಲ. ಒಂದನೆಯ ವರ್ಣತಂತುವಿನ ತುದಿಯ 10,000 ಅಕ್ಷರಗಳು ಈ ಆವೃತ್ತಿಗಳಲ್ಲಿ ಓದಲಾಗದೆ ಉಳಿದವು. ಅಷ್ಟು ಜಾಗವನ್ನು ಖಾಲಿಯೆಂದು ಗುರುತು ಹಾಕಿ ಬಿಟ್ಟಿದ್ದಾರೆ. ಸಾಲಿಗೆ 50 ಅಕ್ಷರಗಳಂತೆ ಅಚ್ಚಾದ ಪ್ರತಿಯಲ್ಲಿ 200 ಸಾಲುಗಳನ್ನು ದಾಟಿದ ಮೇಲೆಯೇ ನಿಜವಾದ ಬರವಣಿಗೆ ಆರಂಭವಾಗುತ್ತದೆ. ಅದೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಮತ್ತೆ ಮತ್ತೆ ಬರುವ ಪುನರುಕ್ತಿಯ ಭಾಗಗಳನ್ನು ಸಣ್ಣಕ್ಷರದಲ್ಲಿಯೂ ಉಳಿದುದನ್ನು ದೊಡ್ಡಕ್ಷರದಲ್ಲಿಯೂ ಬರೆಯುವುದು ಒಂದು ಪದ್ಧತಿ. ಪುನರುಕ್ತಿಗಳನ್ನು ಪೂರ್ತಿಯಾಗಿ ಅಳಿಸಿ 'ಎನ್' ತುಂಬಿದ ಇನ್ನೊಂದು ಕಡತವೂ ಸಿಗುತ್ತದೆ. ಅದರ ಹೆಸರಿನಲ್ಲಿ 'ಮಾಸ್ಕ್ಡ್' ಎಂದೋ 'ಆರ್.ಎಂ.' ಎಂದೋ ಇರುತ್ತದೆ. ಅದನ್ನೇ ಆಧಾರವಾಗಿಟ್ಟು ರೋಗಿಯ ತುಣುಕುಗಳನ್ನು ಜೋಡಿಸಲು ಹೊರಟರೆ ಗ್ರಂಥದ ಅರ್ಧದಷ್ಟು ಪುಟಗಳೇ ಇಲ್ಲವಾದಂತೆ.

ದೊಡ್ಡ ಕಡತದ ಪಕ್ಕದಲ್ಲಿ ಅದೇ ಹೆಸರಿಗೆ ಎಫ್.ಎ.ಐ. ಎಂಬ ಬಾಲ ಹಚ್ಚಿದ ಸಣ್ಣ ಕಡತವೊಂದು ಇರುತ್ತದೆ. ನಮ್ಮ ಗುಮಾಸ್ತ ಬಂಧುಗಳಿಗೆ ಇದು ಕೂಡಲೆ ಪರಿಚಯವಾಗತಕ್ಕದ್ದು. ಖಾತೆಪುಸ್ತಕದ ಮುಂದಿನ ಪುಟದಲ್ಲಿ ಬರೆದಿಡುವ ಅನುಕ್ರಮಣಿಕೆಯೇ ಅದು. ಪ್ರತಿಯೊಂದು ವರ್ಣತಂತುವಿನ ಹೆಸರು, ಉದ್ದ, ಅದು ಕಡತದ ಎಷ್ಟನೆಯ ಸ್ಥಾನದಿಂದ ಆರಂಭ, ಸಾಲಿಗೆ ಎಷ್ಟು ಅಕ್ಷರ, ಸಾಲಿನ ಕೊನೆಯ ಗುರುತೂ ಸೇರಿ ಎಷ್ಟು, ಹೀಗೆ ಐದು ಅಂಕಣಗಳು. ಇದಿದ್ದರೆ ಯಂತ್ರವು ಮೂರು ಜಿ.ಬಿ.ಯನ್ನು ತಿರುವಿಹಾಕದೆ ನೇರವಾಗಿ ಬೇಕಾದ ಪುಟಕ್ಕೆ ಹೋಗಬಲ್ಲದು. 'ಡಿಕ್ಟ್' ಎಂಬ ಬಾಲದ ಕಡತವೂ ಇದರ ದಾಯಾದಿಯೇ. ಅದರಲ್ಲಿ ಹೆಸರು ಮತ್ತು ಉದ್ದಗಳ ಜೊತೆಗೆ ಪ್ರತಿಯೊಂದು ವರ್ಣತಂತುವಿನ ಬೆರಳಚ್ಚನ್ನೂ ಬರೆದಿರುವುದುಂಟು. ಬೆರಳಚ್ಚಿನ ವಿಚಾರವನ್ನು ಮುಂದೆ ಹೇಳುತ್ತೇನೆ.

ಎ.ಎಂ.ಬಿ., ಎ.ಎನ್.ಎನ್., ಬಿ.ಡಬ್ಲ್ಯು.ಟಿ., ಪಿ.ಎ.ಸಿ., ಎಸ್.ಎ. ಎಂಬ ಐದು ಬಾಲಗಳು ಒಟ್ಟಿಗೆ ಕಂಡರೆ ಅವು ಒಂದೇ ಮನೆಯ ಐವರು ಅಣ್ಣತಮ್ಮಂದಿರೆಂದು ಅರಿಯಬೇಕು. ತುಣುಕುಗಳನ್ನು ಗ್ರಂಥದಲ್ಲಿ ಹುಡುಕುವ 'ಬಿ.ಡಬ್ಲ್ಯು.ಎ.' ಎಂಬ ತಂತ್ರಾಂಶವು ತನ್ನ ಅನುಕೂಲಕ್ಕಾಗಿ ಮಾಡಿಟ್ಟುಕೊಂಡ ಸಿದ್ಧತೆಗಳಿವು. ಎಲ್ಲೆಲ್ಲಿ ಖಾಲಿ ಜಾಗವಿದೆಯೆಂಬುದನ್ನು ಒಂದು ಬರೆದುಕೊಂಡಿದೆ, ಹೆಸರುಗಳನ್ನು ಮತ್ತೊಂದು, ಅಕ್ಷರಕ್ಕೆ ಎರಡೇ ಗುರುತಿನಂತೆ ಇಡೀ ಗ್ರಂಥವನ್ನು ಎಂಟುನೂರು ಎಂ.ಬಿ.ಯ ಆಸುಪಾಸಿಗೆ ಹಿಂಡಿ ಇಟ್ಟದ್ದು ಇನ್ನೊಂದು. ಬಿ.ಡಬ್ಲ್ಯು.ಟಿ. ಎಂಬುದು 1994ರಲ್ಲಿ ಬರೋಸ್ ಮತ್ತು ವೀಲರ್ ಎಂಬ ಇಬ್ಬರು ಪ್ರಕಟಿಸಿದ, ಅಕ್ಷರಗಳನ್ನು ಹೊಸ ಕ್ರಮದಲ್ಲಿ ಜೋಡಿಸುವ ಒಂದು ಜಾಣ್ಮೆಯ ವಿಧಾನದಿಂದ ಹುಟ್ಟಿದುದು. ಅದನ್ನು ತೆರೆದು ನೋಡಿದರೆ ಮನುಷ್ಯನಿಗೆ ಒಂದಕ್ಷರವೂ ಅರ್ಥವಾಗದು, ಅರ್ಥವಾಗಬೇಕಾದುದೂ ಇಲ್ಲ. ರುಬ್ಬಿ ಹುಳಿಬರಿಸಿದ ಹಿಟ್ಟಿನಲ್ಲಿ ಅಕ್ಕಿಯ ಕಾಳನ್ನು ಯಾರೂ ಹುಡುಕುವುದಿಲ್ಲವಲ್ಲ.

ಜಿ.ಟಿ.ಎಫ್. ಅಥವಾ ಜಿ.ಎಫ್.ಎಫ್. ಎಂಬುದು ವಂಶವಾಹಿಗಳ ವಿಳಾಸಪಟ್ಟಿ. ಯಾವ ವಂಶವಾಹಿಯು ಯಾವ ವರ್ಣತಂತುವಿನ ಎಷ್ಟನೆಯ ಅಕ್ಷರದಿಂದ ಎಷ್ಟನೆಯದರವರೆಗೆ ಎಂಬುದನ್ನು ಅದು ಹೇಳುತ್ತದೆ. ವಿ.ಸಿ.ಎಫ್. ಎಂಬುದು ವ್ಯತ್ಯಾಸಗಳ ಪಟ್ಟಿ. ಖಾರ್ಘರದವರದೆಂದು ಮೇಲೆ ಹೇಳಿದ್ದೂ ಅಂಥದೊಂದು ಪಟ್ಟಿಯೇ. ಅದರ ತಲೆಯಲ್ಲಿ ಯಾವ ಆಧಾರ ಗ್ರಂಥವನ್ನು ನೋಡಿ ಬರೆದುದೆಂಬ ಸಾಲೊಂದು ಅನೇಕ ವೇಳೆ ಇರುತ್ತದೆ. ಆ ಸಾಲನ್ನು ಓದದೆ ಮುಂದಕ್ಕೆ ಹೋಗಕೂಡದು. ಟಿ.ಬಿ.ಐ. ಎಂಬುದು ಆ ಪಟ್ಟಿಯ ಅನುಕ್ರಮಣಿಕೆ.

ಗೊತ್ತುಗುರಿಯಿಲ್ಲದವರು

ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ ಇನ್ನು ಮುಂದಿನದು. ಮನುಷ್ಯನಲ್ಲಿ 22 ಜೋಡಿ ವರ್ಣತಂತುಗಳು, ಅವಲ್ಲದೆ ಎಕ್ಸ್ ಮತ್ತು ವೈ. ಜೀವಕೋಶದ ಮೈಟೊಕಾಂಡ್ರಿಯಾದೊಳಗಿನ ಚಿಕ್ಕ ಬಳೆಯೊಂದು. ಒಟ್ಟು 25 ಹೆಸರುಗಳು ಕಡತದಲ್ಲಿರಬೇಕು. ಆದರೆ ಎಚ್.ಜಿ. 38ರ ಮೊದಲ ಪೂರ್ಣ ಕಡತದಲ್ಲಿ ಎಣಿಸಿದರೆ 455 ಹೆಸರುಗಳು ಸಿಗುತ್ತವೆ! ಉಳಿದ 430 ಮಂದಿ ಯಾರು?

ಅವರಲ್ಲಿ 42 ಹೆಸರುಗಳ ಕೊನೆಯಲ್ಲಿ 'ರ್‍ಯಾಂಡಮ್' ಎಂದಿದೆ. ಇಂಥ ವರ್ಣತಂತುವಿಗೆ ಸೇರಿದವರೆಂದು ಗೊತ್ತು, ಆದರೆ ಅದರಲ್ಲಿ ಎಲ್ಲಿ ಎಂಬುದು ಗೊತ್ತಾಗಿಲ್ಲ. ಕುಂದಾಪುರ ತಾಲೂಕಿನವನೆಂದು ತಿಳಿದಿದೆ, ಯಾವ ಗ್ರಾಮ, ಯಾವ ಮನೆ ತಿಳಿಯದು ಎಂಬಂತೆ. ಇನ್ನು 127 ಹೆಸರುಗಳು 'ಯು.ಎನ್.' ಎಂಬ ಗುರುತನ್ನು ಹೊತ್ತಿವೆ; ಇವು ಮನುಷ್ಯನವೇ ಹೌದು, ಆದರೆ ಯಾವ ವರ್ಣತಂತುವಿನವೆಂಬುದೂ ನಿರ್ಧಾರವಾಗಿಲ್ಲ. ಹೋಟೆಲಿನ ವಿಳಾಸಕ್ಕೇ ಊರಿನಿಂದ ಕಾಗದ ತರಿಸಿಕೊಂಡು, ರಾತ್ರಿ ಮೇಜುಗಳನ್ನು ಕೂಡಿಸಿ ಮಲಗಿ, ಜನಗಣತಿಯವನು ಬಂದಾಗ ಯಾವ ಮನೆಯ ಸಾಲಿನಲ್ಲಿಯೂ ಬರೆಯಲ್ಪಡದೆ ಉಳಿದವರನ್ನು ನಾವು ಎಷ್ಟು ಜನರನ್ನು ಕಂಡಿಲ್ಲ! ಮನೆಯ ಸಂಖ್ಯೆ ಇಲ್ಲವೆಂದು ಅವರನ್ನು ಶಹರದ ಲೆಕ್ಕದಿಂದ ಕಿತ್ತುಹಾಕಿದರೆ ಲೆಕ್ಕವೇ ಸುಳ್ಳಾಗುವುದು. ಇಲ್ಲಿಯೂ ಹಾಗೆಯೇ. ಈ ತುಂಡುಗಳನ್ನು ಕಸವೆಂದು ಅಳಿಸಿದರೆ, ಅವುಗಳಿಗೆ ಸೇರಬೇಕಾದ ರೋಗಿಯ ಅಕ್ಷರಗಳು ಬೇರೆ ವರ್ಣತಂತುವಿನಲ್ಲಿ ತಮ್ಮನ್ನು ಹೋಲುವ ಜಾಗಕ್ಕೆ ಹೋಗಿ ಅಂಟಿಕೊಂಡು, ಇಲ್ಲದ ವ್ಯತ್ಯಾಸವನ್ನು ಇದೆಯೆಂದು ತೋರಿಸುತ್ತವೆ.

ಉಳಿದ 261 ಹೆಸರುಗಳು 'ಆಲ್ಟ್' ಎಂಬವು. ಒಂದೇ ಸ್ಥಳಕ್ಕೆ ಜನಸಮುದಾಯಗಳಲ್ಲಿ ಕಂಡುಬರುವ ಪಾಠಾಂತರಗಳು. ಹಳಗನ್ನಡ ಕಾವ್ಯಗಳ ಸಂಪಾದಕರು ಪುಟದ ಕೆಳಗೆ ಬೇರೆ ಓಲೆಪ್ರತಿಗಳ ಪಾಠವನ್ನು ಕೊಡುವುದನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇವುಗಳನ್ನು ನಿಭಾಯಿಸಲು ತಿಳಿಯದ ತಂತ್ರಾಂಶಕ್ಕೆ ಇವು ತೊಡಕಾಗುವುದರಿಂದ, ಇವಿಲ್ಲದ 'ನೋ ಆಲ್ಟ್' ಎಂಬ ಕಡತವನ್ನೂ ಪ್ರತ್ಯೇಕವಾಗಿ ಕೊಟ್ಟಿದ್ದಾರೆ. ಅದರಲ್ಲಿ ಎಣಿಸಿದರೆ 195 ಹೆಸರುಗಳು. 25, 42, 127 ಕೂಡಿಸಿದರೆ 194 ಆಯಿತು. ಲೆಕ್ಕದಲ್ಲಿ ಚುರುಕಾದ ವಾಚಕರು ಒಂದು ಹೆಚ್ಚಾಯಿತಲ್ಲ ಎನ್ನುವರು.

ಆ ಒಂದು ಮನುಷ್ಯನದೇ ಅಲ್ಲ! ಅದು ಎಪ್‌ಸ್ಟೀನ್-ಬಾರ್ ಎಂಬ ವೈರಾಣುವಿನದು, 1,71,823 ಅಕ್ಷರಗಳು. ಮಾನವ ಗ್ರಂಥದಲ್ಲಿ ವೈರಾಣುವಿಗೇನು ಕೆಲಸವೆಂದು ಬೆಚ್ಚಿ ಅಳಿಸಿದವರಿದ್ದಾರಂತೆ. ಪ್ರಯೋಗಾಲಯಗಳಲ್ಲಿ ದಾನಿಗಳ ರಕ್ತಕಣಗಳನ್ನು ಬಹುಕಾಲ ಬದುಕಿಸಿ ಬೆಳೆಸಲು ಈ ವೈರಾಣುವನ್ನೇ ಉಪಯೋಗಿಸುತ್ತಾರೆ. ಹಾಗಾಗಿ ಓದಿದ ತುಣುಕುಗಳಲ್ಲಿ ಅದರವೂ ಬೆರೆತಿರುತ್ತವೆ. ಅವಕ್ಕೆ ಒಂದು ಜಾಗವನ್ನು ಕಾದಿರಿಸದಿದ್ದರೆ ಅವು ಮನುಷ್ಯನ ಅಕ್ಷರಗಳ ನಡುವೆ ನುಗ್ಗುತ್ತವೆ. ಇದೇ ಉದ್ದೇಶದಿಂದ 'ಡಿಕಾಯ್' ಎಂಬ 2,385 ತುಂಡುಗಳನ್ನು ಸೇರಿಸಿದ ಕಡತವೂ ಇದೆ. ಬೇಟೆಗಾರರು ಹಕ್ಕಿಗಳನ್ನು ಸೆಳೆಯಲು ಒಡ್ಡುವ ದೀವದ ಹಕ್ಕಿಯಂತೆ, ದಾರಿತಪ್ಪುವ ತುಣುಕುಗಳನ್ನು ಇವು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಆಗ ಹೆಸರುಗಳ ಸಂಖ್ಯೆ 2,580ಕ್ಕೆ ಏರುತ್ತದೆ. ಹೀಗೆ ಹೆಸರುಗಳನ್ನು ಎಣಿಸಿದ ಮಾತ್ರಕ್ಕೇ ಕೈಯಲ್ಲಿರುವ ಕಡತ ಯಾವ ಕುಲದ್ದೆಂದು ಬಹುಮಟ್ಟಿಗೆ ಹೇಳಿಬಿಡಬಹುದು.

ಹಳೆಯ ಚಾಳು, ಹೊಸ ಕಟ್ಟಡ

ಅಪಾಯವಿರುವುದು ಗೊತ್ತಿಲ್ಲದ ಹೆಸರಿನ ಕಡತಗಳಲ್ಲಿ ಅಲ್ಲ, ಗೊತ್ತಿರುವ ಹೆಸರಿನವುಗಳಲ್ಲಿ. ಬಾಂಬೆ ರಕ್ತವರ್ಗಕ್ಕೇ ಮರಳಿ ಬರೋಣ. ಎಚ್ ಪದಾರ್ಥವನ್ನು ತಯಾರಿಸಲು ಬೇಕಾದ ವಂಶವಾಹಿಗೆ ಎಫ್.ಯು.ಟಿ. 1 ಎಂದು ಹೆಸರು. ನಮ್ಮ ದೇಶದ ಬಾಂಬೆ ವರ್ಗದವರಲ್ಲಿ ಬಹಳವಾಗಿ ಕಂಡುಬಂದಿರುವುದು ಅದರ ಸಂಕೇತಪಾಠದ 725ನೆಯ ಸ್ಥಾನದಲ್ಲಿ ಟಿ ಇರಬೇಕಾದಲ್ಲಿ ಜಿ ಇರುವ ದೋಷ. ಅದರ ಜೊತೆಗೆ ನೆರೆಯ ಎಫ್.ಯು.ಟಿ. 2 ಎಂಬುದು ಪೂರ್ತಿಯಾಗಿ ಕಳಚಿಹೋಗಿರುತ್ತದೆ. ಇವೆರಡೂ 19ನೆಯ ವರ್ಣತಂತುವಿನಲ್ಲಿವೆ.

ಹಳೆಯ 37ನೆಯ ಆವೃತ್ತಿಯಲ್ಲಿ ಎಫ್.ಯು.ಟಿ. 1ರ ವಿಳಾಸವು 19ನೆಯ ವರ್ಣತಂತುವಿನ 4,92,51,268ನೆಯ ಅಕ್ಷರದ ಬಳಿ. 38ನೆಯ ಆವೃತ್ತಿಯಲ್ಲಿ ಅದೇ ವಂಶವಾಹಿಯು 4,87,48,011ರ ಬಳಿ. ಐದು ಲಕ್ಷಕ್ಕೂ ಮಿಗಿಲಾದ ಅಕ್ಷರಗಳ ಅಂತರ! ಎರಡೂ ಕಡತಗಳಲ್ಲಿ ವರ್ಣತಂತುವಿನ ಹೆಸರು ಮಾತ್ರ ಒಂದೇ. ಹಳೆಯ ಆವೃತ್ತಿಯ ವಿಳಾಸಪಟ್ಟಿಯನ್ನು ಹೊಸ ಆವೃತ್ತಿಯ ಗ್ರಂಥದೊಡನೆ ಕೂಡಿಸಿದರೆ ಯಂತ್ರವು ತಕರಾರು ಹೇಳುವುದಿಲ್ಲ. ಸೊಗಸಾಗಿ ಬೇರೆಲ್ಲಿಗೋ ಹೋಗಿ ಅಲ್ಲಿನ ಅಕ್ಷರಗಳನ್ನು ಓದಿ, ಇಲ್ಲಿ ದೋಷವೇನೂ ಕಾಣಲಿಲ್ಲವೆಂದು ವರದಿ ಕೊಡುತ್ತದೆ. ಲಾಲ್‌ಬಾಗಿನ ಹಳೆಯ ಚಾಳನ್ನು ಕೆಡವಿ ಗೋಪುರ ಕಟ್ಟಿದ ಮೇಲೆ, ಹಳೆಯ ಖೋಲಿಯ ಸಂಖ್ಯೆಗೆ ಬರೆದ ಮನಿಯಾರ್ಡರು ಅದೇ ಸಂಖ್ಯೆಯ ಬಾಗಿಲಿನ ಅಪರಿಚಿತನಿಗೆ ತಲಪಿದಂತೆ. ರಕ್ತನಿಧಿಗಳಲ್ಲಿ ಬಾಂಬೆ ವರ್ಗವನ್ನು ಈಗಲೂ ಎಚ್ ಪದಾರ್ಥವನ್ನು ಹಿಡಿಯುವ ರಸದಿಂದಲೇ ಪರೀಕ್ಷಿಸುತ್ತಾರಾದುದರಿಂದ ವಾಚಕರು ಗಾಬರಿಪಡಬೇಕಾಗಿಲ್ಲ. ಆದರೆ ಕ್ಯಾನ್ಸರಿನ ಔಷಧವನ್ನು ಆರಿಸುವಲ್ಲಿಯೂ, ಮಕ್ಕಳ ವಂಶಪಾರಂಪರ್ಯದ ರೋಗಗಳನ್ನು ಗುರುತಿಸುವಲ್ಲಿಯೂ ಈ ಓದನ್ನೇ ನಂಬುವ ದಿನಗಳು ಬಂದಿವೆ.

ಹಳೆಯ ಖೋಲಿಯವರಿಗೆ ಹೊಸ ಕಟ್ಟಡದಲ್ಲಿ ಯಾವ ಮನೆಯೆಂದು ತೋರಿಸುವ ಪಟ್ಟಿಯೊಂದನ್ನು ಸೊಸಾಯಿಟಿಯವರು ಇಟ್ಟಿರುತ್ತಾರಲ್ಲವೆ? ಫೋಲ್ಡರಿನಲ್ಲಿ 'ಓವರ್ ಚೈನ್' ಎಂಬ ಬಾಲದ ಕಡತ ಕಂಡರೆ ಅದು ಅಂಥ ಪಟ್ಟಿ. ಒಂದು ಆವೃತ್ತಿಯ ವಿಳಾಸವನ್ನು ಇನ್ನೊಂದಕ್ಕೆ ಪರಿವರ್ತಿಸಲು ಅದು ಬೇಕು.

ಇನ್ನೂ ಸೂಕ್ಷ್ಮವಾದ ಒಂದು ಪ್ರಸಂಗವುಂಟು. ಸಾಂತಾ ಕ್ರೂಜಿನವರ ಎಚ್.ಜಿ. 19ರಲ್ಲಿ ಮೈಟೊಕಾಂಡ್ರಿಯಾದ ಬಳೆಗೆ 'ಎಂ' ಎಂದು ಹೆಸರಿದ್ದು, ಅದರ ಉದ್ದ 16,571 ಅಕ್ಷರಗಳು. ಅದು ಆಫ್ರಿಕಾದ ಯೊರುಬಾ ಜನಾಂಗದ ವ್ಯಕ್ತಿಯೊಬ್ಬರದು. ಲೋಕವೆಲ್ಲ ಪ್ರಮಾಣವೆಂದು ಒಪ್ಪಿರುವ ಕೇಂಬ್ರಿಜ್ ಪಾಠವಾದರೋ 16,569 ಅಕ್ಷರಗಳದು. ಎಚ್.ಜಿ. 38ರಲ್ಲಿ ಅದೇ 'ಎಂ' ಎಂಬ ಹೆಸರಿನಡಿಯಲ್ಲಿ ಈ ಕೇಂಬ್ರಿಜ್ ಪಾಠವಿದೆ. ಹೆಸರು ಒಂದು, ಒಳಗಿನ ಸರಕು ಬೇರೆ. ಅಂತರ ಎರಡೇ ಅಕ್ಷರಗಳ ಉದ್ದ. ತಾಯಿಯಿಂದ ಬರುವ ರೋಗಗಳನ್ನು ಈ ಬಳೆಯಲ್ಲಿ ಹುಡುಕುವವರಿಗೆ ಆ ಎರಡು ಅಕ್ಷರಗಳು ಸ್ಥಳವನ್ನೇ ತಪ್ಪಿಸಿಬಿಡುತ್ತವೆ. 'ಓ' ಎಂದು ಬರೆದ ಚೀಟಿಯ ಹಿಂದೆ ಬಾಂಬೆ ರಕ್ತವಿದ್ದುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಾಗಾದರೆ ಗುರುತಿಸುವ ಬಗೆ ಹೇಗೆ? ಮೊದಲನೆಯದಾಗಿ, 'ರೀಡ್ ಮಿ' ಎಂಬ ಪುಟ್ಟ ಕಡತವನ್ನು ಓದುವುದು. ಓದಿರೆಂದು ಹೆಸರಿನಲ್ಲಿಯೇ ಬೇಡಿಕೊಂಡರೂ ಯಾರೂ ಓದದ ಕಡತವದು! ಕಳುಹಿಸಿದವರು ಯಾವ ಕಡತದಲ್ಲಿ ಏನಿದೆಯೆಂದು ಅದರಲ್ಲಿ ಬರೆದಿರುತ್ತಾರೆ. ಅಮೆರಿಕಾದ ರಾಷ್ಟ್ರೀಯ ಕೇಂದ್ರದಿಂದ ಬಂದ ಕಡತವಾದರೆ ಹೆಸರಿನ ಆರಂಭವನ್ನೂ ನೋಡಬೇಕು. ಜಿ.ಸಿ.ಎ. ಎಂದರೆ ಸಂಶೋಧಕರು ಒಪ್ಪಿಸಿದ ಪ್ರತಿ, ಜಿ.ಸಿ.ಎಫ್. ಎಂದರೆ ಕೇಂದ್ರದವರು ತಾವೇ ಪರಿಶೀಲಿಸಿ ಇಟ್ಟುಕೊಂಡ ಪ್ರತಿ. ಚುಕ್ಕಿಯ ನಂತರದ ಅಂಕೆಯು ಆವೃತ್ತಿಯನ್ನು ಹೇಳುತ್ತದೆ: ಜಿ.ಸಿ.ಎಫ್. 000001405 ಎಂಬುದರ ಮುಂದೆ 25 ಇದ್ದರೆ ಅದು 37ನೆಯ ಆವೃತ್ತಿಯ ಹದಿಮೂರನೆಯ ತೇಪೆ, 40 ಇದ್ದರೆ 38ನೆಯದರ ಹದಿನಾಲ್ಕನೆಯ ತೇಪೆ. ಕಿರಾಣಿಯ ಬಿಲ್ಲಿನ ಅಂಕೆಯನ್ನು ಓದಿದಷ್ಟೇ ಎಚ್ಚರದಿಂದ ಇದನ್ನು ಓದಬೇಕು.

ಬಳಿಕ ಅನುಕ್ರಮಣಿಕೆಯನ್ನು ತೆರೆದು ಒಂದನೆಯ ವರ್ಣತಂತುವಿನ ಉದ್ದವನ್ನು ನೋಡುವುದು. 24,92,50,621 ಇದ್ದರೆ 37ನೆಯ ಆವೃತ್ತಿ. 24,89,56,422 ಇದ್ದರೆ 38ನೆಯದು. ಹೆಸರು ಸುಳ್ಳು ಹೇಳಿದರೂ ಈ ಅಂಕೆ ಸುಳ್ಳು ಹೇಳದು. ಲಿನಕ್ಸ್ ಯಂತ್ರಗಳಲ್ಲಿ 'ಫೈಲ್' ಎಂಬ ಆಜ್ಞೆಯೊಂದಿದೆ. ಅದು ಬಾಲವನ್ನು ನಂಬದೆ ಕಡತದ ಒಳಗಣ ಮೊದಲ ಗುರುತುಗಳನ್ನು ನೋಡಿ ಇದು ಮೂಟೆಯೋ ಬರವಣಿಗೆಯೋ ಎಂದು ಹೇಳುತ್ತದೆ. ಜಾಲ ಮಧ್ಯದಲ್ಲಿ ಕಡಿದು, ಕಡತದ ಬದಲು ಯಾವುದೋ ಕ್ಷಮಾಪಣೆಯ ಪುಟವು ಅದೇ ಹೆಸರಿನಲ್ಲಿ ಬಂದು ಕುಳಿತಿದ್ದರೆ ಈ ಆಜ್ಞೆ ಕೂಡಲೆ ಹಿಡಿದುಕೊಡುತ್ತದೆ.

ಕಡೆಯದು ಬೆರಳಚ್ಚು. 'ಎಂ.ಡಿ.5 ಸಮ್' ಎಂಬ ಕಡತದಲ್ಲಿ ಪ್ರತಿ ಹೆಸರಿನ ಎದುರಿಗೆ ಅಂಕೆ ಮತ್ತು ಅಕ್ಷರಗಳು ಬೆರೆತ 32 ಗುರುತುಗಳ ಒಂದು ಸಾಲು ಇರುತ್ತದೆ. ಅಲ್ಲಿಂದ ಹೊರಟಾಗ ಕಡತವು ಹೇಗಿತ್ತೆಂಬುದರ ಸಾಕ್ಷಿ ಅದು. ನಮ್ಮ ಯಂತ್ರದಲ್ಲಿಯೂ ಅದೇ ಲೆಕ್ಕವನ್ನು ಮಾಡಿಸಿ ಎರಡನ್ನೂ ತಾಳೆ ನೋಡತಕ್ಕದ್ದು. ಮೂರು ನೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಬದಲಾಗಿದ್ದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾದ ಹಣವನ್ನೂ ಕೂಪನ್ನುಗಳನ್ನೂ ತಾಳೆ ಹಾಕಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಡಿಕ್ಟ್ ಕಡತದಲ್ಲಿರುವ ಬೆರಳಚ್ಚುಗಳಾದರೋ ವರ್ಣತಂತುವಿಗೊಂದರಂತೆ ಇರುವುದರಿಂದ, ಎರಡು ಕಡತಗಳಲ್ಲಿ 'ಎಂ' ಎಂಬ ಒಂದೇ ಹೆಸರಿದ್ದಾಗ ಒಳಗಿನ ಪಾಠ ಒಂದೇ ಹೌದೋ ಅಲ್ಲವೋ ಎಂಬುದನ್ನು ಅವು ಒಂದೇ ನೋಟಕ್ಕೆ ತೀರ್ಮಾನಿಸಿಕೊಡುತ್ತವೆ.

ಇಷ್ಟರಲ್ಲಿ ಮೂರನೆಯ ಗ್ರಂಥವೂ ಬಂದಿದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಖಾಲಿ ಜಾಗವಿಲ್ಲದೆ ಓದಿದ ಪಾಠವೊಂದನ್ನು 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ವೈ ವರ್ಣತಂತುವು 2023ರಲ್ಲಿ ಪೂರ್ಣವಾಯಿತು. ಅದರಲ್ಲಿ 'ಎನ್' ಅಕ್ಷರದ ಸಾಲುಗಳಿಲ್ಲ, ರ್‍ಯಾಂಡಮ್ ಇಲ್ಲ, ಯು.ಎನ್. ಇಲ್ಲ, ಎಲ್ಲರಿಗೂ ಮನೆ ಸಿಕ್ಕಿದೆ. ಒಂದನೆಯ ವರ್ಣತಂತುವಿನ ಉದ್ದವು ಅಲ್ಲಿ 24,83,87,328. ಆದರೆ ಇದುವರೆಗೆ ಬರೆದಿಟ್ಟ ಪಟ್ಟಿಗಳಲ್ಲಿ ಬಹುಪಾಲು ಹಿಂದಿನ ಎರಡು ಆವೃತ್ತಿಗಳ ವಿಳಾಸಗಳಲ್ಲಿಯೇ ಇರುವುದರಿಂದ, ಮೂರು ಅಂಕೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಕೊಳ್ಳುವುದು ಮೇಲು.

ಇನ್ನು ಆ ತರುಣನು ಕೇಳಿದ ಪ್ರಶ್ನೆಗೆ ತಿಳಿದವರು ಕೊಟ್ಟ ಉತ್ತರ. ಯಂತ್ರದಲ್ಲಿ ಜಾಗವಿಲ್ಲವೆಂದಾದರೆ ಬಿ.ಡಬ್ಲ್ಯು.ಎ.ಯ ಐದು ಕಡತಗಳನ್ನೂ, ಎಫ್.ಎ.ಐ. ಮತ್ತು ಡಿಕ್ಟ್‌ಗಳನ್ನೂ ಅಳಿಸಬಹುದು. ಗ್ರಂಥವೊಂದಿದ್ದರೆ ಅವನ್ನು ಮತ್ತೆ ತಯಾರಿಸಿಕೊಳ್ಳಬಹುದು. ಬಿ.ಡಬ್ಲ್ಯು.ಎ.ಯವಕ್ಕೆ ಗಂಟೆಗಟ್ಟಲೆ ಕಾಲ ಹಿಡಿದೀತು, ಉಳಿದೆರಡಕ್ಕೆ ಕೆಲವೇ ನಿಮಿಷ. ಬಿಚ್ಚಿದ ಪ್ರತಿಯೂ ಮೂಟೆಯೂ ಎರಡೂ ಇದ್ದರೆ ಬಿಚ್ಚಿದುದನ್ನು ಅಳಿಸಿ ಮೂಟೆಯನ್ನು ಉಳಿಸಿಕೊಳ್ಳುವುದು. ರೀಡ್ ಮಿ ಮತ್ತು ಎಂ.ಡಿ.5 ಕಡತಗಳನ್ನು ಮಾತ್ರ ಮುಟ್ಟಕೂಡದು. ಅವೆರಡೂ ಸೇರಿ ಒಂದು ಛಾಯಾಚಿತ್ರದಷ್ಟೂ ಜಾಗ ಹಿಡಿಯುವುದಿಲ್ಲ.